ಮೆಟ್ಟಿಲಂಚಿನ ಸುಣ್ಣ

ಪುಸ್ತಕ ಸಿಕ್ಕಿದ್ದು ಹಿಟ್ಟಿನ ಪೆಟ್ಟಿಗೆಯಲ್ಲಿ. ಬೆಳಗ್ಗೆ ರೊಟ್ಟಿಗೆ ಹಿಟ್ಟು ತೆಗೆಯೋಣವೆಂದು ಅನೀಪಾ ಕೈ ಹಾಕಿದರೆ ಬಟ್ಟೆಯ ಕೆಳಗೆ ಇಟ್ಟಿಗೆಯಂಥದ್ದೇನೋ ತಗುಲಿತು. ಎತ್ತಿಕೊಂಡು ಅಂಗಳಕ್ಕೆ ಬಂದು, ಮರದ ಕೆಳಗೆ ಚಹಾ ಕುಡಿಯುತ್ತ ಕೂತಿದ್ದ ಗಂಡನ ಮುಂದೆ ದೊಪ್ಪನೆ ಹಾಕಿದಳು.

"ನೋಡಿ, ನಿಮ್ಮ ಸೊಸೆ ಹಿಟ್ಟಿಗೆ ಏನು ಬೆರೆಸ್ತಾಳೆ ಅಂತ."

ಜುಮಾಬೆಕ್ ಮೂವತ್ತು ವರ್ಷ ಊರಿನ ಕುರಿಗಳಿಗೆ ಸೂಜಿಮದ್ದು ಚುಚ್ಚಿ ನಿವೃತ್ತನಾದವನು. ಯಾವುದಕ್ಕೂ ಗಾಬರಿಯಾಗುವ ಜಾತಿಯಲ್ಲ. ಪುಸ್ತಕ ತೆರೆದ, ಹಿಟ್ಟು ಹಾರಿತು, ಎರಡು ಸಲ ಸೀನಿದ.

"ದಪ್ಪ ಇದೆ," ಎಂದ.

ಅಷ್ಟರಲ್ಲಿ ಸೊಸೆ ಬೆಗಾಯಿಮ್ ಹಾಲಿನ ಬಕೆಟ್ ಹಿಡಿದು ಕೊಟ್ಟಿಗೆಯಿಂದ ಬಂದಳು. ಮದುವೆಯಾಗಿ ಬಂದು ಮೂರನೇ ಬೇಸಿಗೆ. ಪುಸ್ತಕ ನೋಡಿ ಅಲ್ಲೇ ನಿಂತಳು.

"ಇದೇನೇ ಇದು?"

"ಪುಸ್ತಕ, ಅಪಾ." ಆ ಮನೆಯಲ್ಲಿ ತಾಯಿಯೂ ಅತ್ತೆಯೂ ಅಪಾ, ತಂದೆಯೂ ಮಾವನೂ ಅತಾ.

"ಪುಸ್ತಕ ಅಂತ ನಂಗೂ ಗೊತ್ತು. ಹಿಟ್ಟಲ್ಲಿ ಯಾಕಿದೆ?"

"ಹೊರಗಿಟ್ರೆ ಸೆಜಿಮ್ ಹರಿದು ಹಾಕ್ತಾಳೆ. ಲೈಬ್ರರೀದು. ಎಂಟು ಜನಕ್ಕೆ ಅದೊಂದೇ ಇರೋದು."

ಸೆಜಿಮ್ ಅಂದರೆ ಮೊಮ್ಮಗಳು. ಹನ್ನೊಂದು ತಿಂಗಳು, ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದಳು, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಿದ್ದಳು. ಎಂಟು ಜನ ಅಂದರೆ ಲೈಬ್ರರಿಯ ತಮಾರಾ ಕಟ್ಟಿಕೊಂಡ ಓದುವ ಗುಂಪು. ಶುಕ್ರವಾರ ಮಧ್ಯಾಹ್ನ ಲೈಬ್ರರಿಯ ಹಿತ್ತಿಲಲ್ಲಿ ಸೇರುತ್ತಾರೆ. ಒಂದೇ ಕಾದಂಬರಿ, ಒಂದೇ ಪ್ರತಿ. ಒಬ್ಬೊಬ್ಬಳಿಗೆ ಒಂದೊಂದು ವಾರ. ತನ್ನ ಪಾಲಿನ ಪುಟ ಓದಿದವಳು ಶುಕ್ರವಾರ ಉಳಿದವರಿಗೆ ಅದನ್ನು ಕಥೆಯಾಗಿ ಹೇಳಿ, ಪುಸ್ತಕವನ್ನು ಮುಂದಿನವಳ ಕೈಗಿಡಬೇಕು. ಟಪಾಲು ಹಂಚುವ ಉಲ್ಕಾನ್, ಬೇಕರಿಯ ಇಬ್ಬರು ಅಕ್ಕತಂಗಿಯರು, ಹೀಗೆ ಎಲ್ಲ ಕೆಲಸವಿದ್ದ ಹೆಂಗಸರೇ. ಊರಿನವರು ಮೊದಲು ನಕ್ಕರು, ಆಮೇಲೆ ತಮ್ಮ ಮನೆಯ ಸೊಸೆಯಂದಿರು ಹೋಗದಂತೆ ನೋಡಿಕೊಂಡರು.

"ಏಪ್ರಿಕಾಟು ಮರದಲ್ಲೇ ಕೊಳೀತಿದೆ," ಎಂದಳು ಅನೀಪಾ. "ಆಗಸ್ಟಿನಲ್ಲಿ ಮಗು ನಡೆದದ್ದಕ್ಕೆ ಕಾಲಿಗೆ ದಾರ ಕಟ್ಟಿ ಕತ್ತರಿಸೋ ಹಬ್ಬ ಬೇರೆ. ಇವಳಿಗೆ ಓದಕ್ಕೆ ಟೈಮಿದೆ. ಮರದ ಬುಡಕ್ಕೆ ಬಳಿದು ಉಳಿದ ಸುಣ್ಣಾನ ಮೆಟ್ಟಿಲಂಚಿಗೆ ಬಳಿಯಕ್ಕೂ ಟೈಮಿತ್ತು. ಯಾರ ಮನೇಲಾದ್ರೂ ಮೆಟ್ಟಿಲಿಗೆ ಬಿಳಿ ಗೀಟು ಎಳೆದಿದ್ದು ನೋಡಿದೀರಾ?"

"ಚೆನ್ನಾಗಿ ಕಾಣತ್ತಲ್ಲ," ಎಂದ ಜುಮಾಬೆಕ್.

"ಏನು ಚೆನ್ನ? ರೈಲ್ವೆ ಸ್ಟೇಷನ್ನಾ ಇದು?"

ಮಗ ಕುಬಾತ್ ಬಾಲಿಕ್‌ಚಿ ಪಟ್ಟಣಕ್ಕೆ ವ್ಯಾನು ಓಡಿಸುವವನು. ಬೆಳಗಿನ ಟ್ರಿಪ್ಪಿಗೆ ಹೊರಟವನು ಈ ಮಾತೆಲ್ಲ ಕೇಳಿಯೂ ಕೇಳದವನಂತೆ ಎರಡು ತುಂಡು ರೊಟ್ಟಿ ಕಿಸೆಗೆ ಹಾಕಿಕೊಂಡು ಜಾರಿಕೊಂಡ. ಅವ್ವ ಹೆಂಡತಿಯರ ನಡುವೆ ಬಾಯಿ ಹಾಕದಿರುವ ವಿದ್ಯೆ ಅವನಿಗೆ ಚೆನ್ನಾಗಿ ಕೈಹತ್ತಿತ್ತು.

ಕೊನೆಗೆ ತೀರ್ಪು ಕೊಟ್ಟವನು ಜುಮಾಬೆಕ್. "ಓದಲಿ. ಆದರೆ ಕದ್ದು ಬೇಡ. ಸಾಯಂಕಾಲ ಹಣ್ಣು ಬಿಡಿಸುವಾಗ ಎಲ್ಲರಿಗೂ ಕೇಳೋ ಹಾಗೆ ಓದಲಿ. ನಮಗೂ ಹೊತ್ತು ಹೋಗತ್ತೆ."

ಹಾಗೆ ಆ ಮನೆಯಲ್ಲಿ ಓದು ಶುರುವಾಯಿತು. ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ಬಟ್ಟೆ ಹಾಸಿ, ನಡುವೆ ಏಪ್ರಿಕಾಟು ಸುರಿದು, ಅನೀಪಾ ಮತ್ತು ಜುಮಾಬೆಕ್ ಹಣ್ಣು ಸೀಳಿ ಬೀಜ ತೆಗೆಯುವುದು. ಬೆಗಾಯಿಮ್ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಓದುವುದು. ಯುದ್ಧದ ಕಾಲದ ಒಂದು ಹಳ್ಳಿ. ನೀರಿನ ಗಿರಣಿ. ಅದನ್ನು ಗುಡಿಸಿಕೊಂಡಿರುವ ಕೆರೆಜ್ ಎಂಬ ಅನಾಥ ಹುಡುಗಿ. ಗಿರಣಿ ನಡೆಸುವ ಮುದುಕ.

ಮೊದಲ ದಿನವೇ ಬೆಗಾಯಿಮ್ ಒಂದು ಕಡೆ ಗಕ್ಕನೆ ನಿಂತಳು.

"ಯಾಕಮ್ಮಾ?" ಎಂದ ಜುಮಾಬೆಕ್.

ಅವಳು ಕೆಂಪಾಗಿ, ಆಗಷ್ಟೇ ಟ್ರಿಪ್ಪು ಮುಗಿಸಿ ಬಂದು ಕೂತಿದ್ದ ಗಂಡನ ಕಡೆ ಪುಟವನ್ನು ತಿರುಗಿಸಿದಳು. ಕುಬಾತ್ ಓದಿ ಗೊಳ್ಳನೆ ನಕ್ಕ. "ಅತಾ, ನೀವಿದೀರಿ ಇದರಲ್ಲಿ! ಗಿರಣಿ ಮುದುಕನ ಹೆಸರು ಜುಮಾಬೆಕ್!"

ಸೊಸೆ ಮಾವನ ಹೆಸರು ಹೇಳುವಂತಿಲ್ಲ. ಮದುವೆಯಾಗಿ ನಲವತ್ತೆರಡು ವರ್ಷವಾದರೂ ಅನೀಪಾ ತಾನೇ ಆ ಹೆಸರು ಹೇಳಿದವಳಲ್ಲ. ರಿಜಿಸ್ಟ್ರಿ ಕಚೇರಿಯಲ್ಲಿ ಕೇಳಿದಾಗಲೂ ಪಕ್ಕದವರಿಂದ ಹೇಳಿಸಿದ್ದಳು.

"ಒಳ್ಳೆಯವನೋ, ಕೆಟ್ಟವನೋ?" ಜುಮಾಬೆಕ್ ವಿಚಾರಿಸಿದ.

"ಇನ್ನೂ ಗೊತ್ತಾಗಿಲ್ಲ, ಅತಾ."

"ಕೆಟ್ಟವನಾದ್ರೆ ಬರೆದವರಿಗೆ ಕಾಗದ ಹಾಕ್ತೀನಿ."

ಅಂದಿನಿಂದ ಬೆಗಾಯಿಮ್ ಆ ಹೆಸರು ಬಂದಲ್ಲೆಲ್ಲ 'ಗಿರಣಿಯವರು' ಎಂದು ಓದಿದಳು. ಕಥೆಯ ಬೇರೆ ಯಾರಿಗೂ ಇಲ್ಲದ ಬಹುವಚನ ಆ ಮುದುಕನಿಗೆ ಬಂತು. ಅವನೋ ಬಹುವಚನಕ್ಕೆ ಯೋಗ್ಯನಲ್ಲ. ಅವನ ಕೈ ನಡುಗುತ್ತಿತ್ತು; ಒಂದು ದಿನ ಸರ್ಕಾರದ ಹಿಟ್ಟಿನ ಮೂಟೆ ಅವನ ಕೈಯಿಂದಲೇ ಜಾರಿ ಹೊಳೆಗೆ ಬಿತ್ತು. ಕೈ ನಡುಗುವುದು ಗೊತ್ತಾದರೆ ಗಿರಣಿಯಿಂದ ತೆಗೆದುಹಾಕುತ್ತಾರೆಂದು ಅವನು ತುಟಿ ಪಿಟಕ್ಕೆನ್ನಲಿಲ್ಲ. ಕಳ್ಳತನದ ಆರೋಪ ಕೆರೆಜ್ ಮೇಲೆ ಬಂತು. ಬೆಗಾಯಿಮಳ ವಾರ ಮುಗಿದದ್ದು ಅಲ್ಲಿಗೆ. ಪುಸ್ತಕ ಉಲ್ಕಾನಳ ಟಪಾಲು ಚೀಲ ಸೇರಿತು.

ಪುಸ್ತಕ ಹೋದರೂ ಕಥೆ ನಿಲ್ಲಲಿಲ್ಲ. ಶುಕ್ರವಾರ ಲೈಬ್ರರಿಯಲ್ಲಿ ಕೇಳಿಬಂದದ್ದನ್ನು ಬೆಗಾಯಿಮ್ ಸಾಯಂಕಾಲ ಮನೆಯಲ್ಲಿ ಹೇಳುತ್ತಿದ್ದಳು. ಕೆರೆಜಳನ್ನು ಗಾಡಿಯಲ್ಲಿ ಕೂರಿಸಿ ಪಟ್ಟಣಕ್ಕೆ ಕರೆದೊಯ್ದರು. ಮುದುಕ ಗಿರಣಿಯ ಬಾಗಿಲಲ್ಲಿ ನಿಂತು ನೋಡಿದ.

"ಆಗಲೂ ಬಾಯಿ ಬಿಡಲಿಲ್ವಾ?" ಎಂದಳು ಅನೀಪಾ.

"ಇಲ್ಲ ಅಪಾ. ಗಿರಣಿಯವರು ಸುಮ್ಮನೆ ನಿಂತಿದ್ರಂತೆ."

"ನಾಲಿಗೆ ಬಿದ್ದುಹೋಗಿತ್ತಾ? ಅಂಥವನ ಬಾಯಿಗೆ ಅವನ ಗಿರಣಿ ಹಿಟ್ಟನ್ನೇ ತುರುಕಬೇಕು."

"ಅವನ ಕಷ್ಟ ಅವನಿಗೆ," ಎಂದ ಜುಮಾಬೆಕ್, ಹೆಸರಿನ ಋಣಕ್ಕೆ.

"ಏನು ಕಷ್ಟ? ಒಂದು ಮಾತು ಹೇಳೋದು ಕಷ್ಟವಾ?"

ಅನೀಪಾ ಇದನ್ನು ಹೇಳುವಾಗ ಕೈ ನಿಂತಿರಲಿಲ್ಲ. ಹಣ್ಣು ಹಿಡಿ, ಗೆರೆಯ ಗುಂಟ ಸೀಳು, ಬೀಜ ಬುಟ್ಟಿಗೆ, ಹೋಳು ತಟ್ಟೆಗೆ. ಊರಿನಲ್ಲಿ ಇಷ್ಟು ಚುರುಕು ಕೈ ಇನ್ನೊಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆ ಕೈ ಈಗ ನೋಡದೆ ಕೆಲಸ ಮಾಡುತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು. ಹೋದ ಚಳಿಗಾಲದಿಂದ ಎರಡೂ ಕಣ್ಣಿಗೆ ಮಂಜು. ಮೊದಲು ಕಿಟಕಿಯ ಗಾಜು ಕೊಳೆಯಾಗಿದೆಯೆಂದು ಒರೆಸಿದಳು, ಆಮೇಲೆ ಗೊತ್ತಾಯಿತು. ಮನುಷ್ಯರು ಆಕಾರದಿಂದ ಮತ್ತು ಕೆಮ್ಮಿನಿಂದ ತಿಳಿಯುತ್ತಿದ್ದರು. ಅಕ್ಷರ, ಸೂಜಿಯ ಕಣ್ಣು, ಅಕ್ಕಿಯ ಕಲ್ಲು, ಇವೆಲ್ಲ ಹೋಗಿದ್ದವು.

ಕರಾಕೋಲ್‌ನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುತ್ತಾರೆಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೆ ಕಾಣಿಸುತ್ತಿಲ್ಲ ಎಂದು ಒಮ್ಮೆ ಬಾಯಿಬಿಟ್ಟರೆ ಅಡಿಗೆಮನೆ ಕೈತಪ್ಪಿತು. ಅವಳ ಅತ್ತೆಯೂ ಕುರುಡಾಗಿದ್ದಳು. ಒಲೆಯ ಮೂಲೆಯಲ್ಲಿ ಒಂಬತ್ತು ವರ್ಷ ಕೂತಿದ್ದಳು, ಕೊಟ್ಟದ್ದನ್ನು ತಿಂದುಕೊಂಡು. ಹಬ್ಬದ ಮಾಂಸ ಹಂಚುವಾಗ ಯಾರಿಗೆ ಯಾವ ಮೂಳೆ ಎಂಬ ಲೆಕ್ಕವಿರುತ್ತದೆ. ಹಿರಿಯ ಹೆಂಗಸಿಗೆ ಸೊಂಟದ ಕೊಬ್ಬಿನ ತುಂಡು. ಆಗ ಇಪ್ಪತ್ತೆರಡು ವರ್ಷದ ಸೊಸೆಯಾಗಿದ್ದ ಅನೀಪಾ ಅದನ್ನು ಎತ್ತಿಟ್ಟುಕೊಂಡು ಅತ್ತೆಯ ಬಟ್ಟಲಿಗೆ ಮೊಣಕಾಲ ಕೆಳಗಿನ ಬೋಳು ಮೂಳೆ ಹಾಕುತ್ತಿದ್ದಳು. ಒಂದು ಸಲವಲ್ಲ, ಹಲವು ಸಲ. ಮುದುಕಿ ಬೆರಳಿನಿಂದ ತಡವಿ ನೋಡಿ, ಸುಮ್ಮನೆ ಚೀಪುತ್ತಿದ್ದಳು. ಇದು ಅನೀಪಾ ಯಾರಿಗೂ ಹೇಳಿರದ ಮಾತು.

ಜುಲೈ ಮೂರನೇ ವಾರ ಮಗಳು ಐನಾಶ್ ರಾಜಧಾನಿ ಬಿಶ್ಕೆಕ್‌ನಿಂದ ಬಂದಳು. ಅವಳೊಂದಿಗೆ ಹದಿನಾರರ ಮಗಳು ಆದೆಲ್, ಊರಿನ ಪಕ್ಕದ ಸರೋವರದಲ್ಲಿ ಮಿಂದರೆ ಮಂಡಿ ನೋವು ಹೋಗುತ್ತದೆಂದು ನಂಬಿದ್ದ ಅವಳ ಅತ್ತೆ, ನಾಲ್ಕು ಸೂಟ್‌ಕೇಸು. ಮನೆ ತುಂಬಿತು. ದಿನಕ್ಕೆ ಐದು ಸಲ ಚಹಾ, ಮೂರು ಸಲ ಅಡಿಗೆ, ಸರೋವರದಿಂದ ಬಂದವರ ಮರಳಿನ ಟವೆಲು ಒಗೆಯುವುದು. ಬೆಗಾಯಿಮ್ ಓಡಾಡಿ ಸೋತಳು. ಐನಾಶ್ ಕಾಲು ಚಾಚಿ ಕೂತು ದಾರದ ಹಬ್ಬದ ಯೋಜನೆ ಹಾಕಿದಳು.

"ಓಟದಲ್ಲಿ ನಮ್ಮ ಆದೆಲ್ ಗೆಲ್ತಾಳೆ. ಸ್ಕೂಲಲ್ಲಿ ಫಸ್ಟು. ದಾರ ಅವಳೇ ಕತ್ತರಿಸಲಿ. ಕತ್ತರಿಸಿದವರ ಗುಣಾನೇ ಮಗೂಗೆ ಬರೋದು. ನಮ್ಮ ಆದೆಲ್ ಥರ ಆದ್ರೆ ಸಾಲದಾ?"

"ಓಡಿದವರು ಗೆಲ್ತಾರೆ," ಎಂದ ಜುಮಾಬೆಕ್. "ಈಗಲೇ ಏನು ಹೇಳೋದು?"

ಆ ಶುಕ್ರವಾರ ಬೆಗಾಯಿಮ್ ಲೈಬ್ರರಿಗೆ ಹೋದಾಗ ಅನೀಪಾ ಎರಡು ಬಕೆಟ್ ಹಣ್ಣು ಮುಂದಿಟ್ಟುಕೊಂಡಳು. ಬೀಗಿತ್ತಿಗೆ ಈ ಮನೆಯ ಜಾಮ್ ತೋರಿಸಬೇಕಿತ್ತು. ಒಬ್ಬಳೇ ಕೂತು ಸೀಳಿ, ಬೀಜ ತೆಗೆದು, ದೊಡ್ಡ ಬೋಗುಣಿಗೆ ಹಾಕಿ ಸಕ್ಕರೆ ಸುರಿದಳು. ಬೆಗಾಯಿಮ್ ಬಂದವಳೇ ಕೈ ತೊಳೆದು ಬೋಗುಣಿಯ ಬಳಿ ಕೂತಳು.

"ಅಪಾ, ಹಣ್ಣು ಒಂದ್ಸಲ ನೋಡ್ಲಾ?"

"ಸಕ್ಕರೆ ಹಾಕಿ ಆಗಿದೆ. ನಾನು ನೋಡಿದ್ದನ್ನ ನೀನೇನು ನೋಡ್ತೀಯಾ? ಒಲೆ ಹಚ್ಚು."

ಬೆಗಾಯಿಮ್ ಒಲೆ ಹಚ್ಚಿದಳು.

ಭಾನುವಾರದ ಚಹಾಕ್ಕೆ ಜಾಮ್ ಬಂತು. ಬಣ್ಣ ಜೇನಿನ ಹಾಗಿದೆಯೆಂದು ಬೀಗಿತ್ತಿ ಹೊಗಳಿ, ರೊಟ್ಟಿಯ ಮೇಲೆ ಒಂದು ಚಮಚ ಹಾಕಿಕೊಂಡು, ಬಾಯಿಯ ಹತ್ತಿರ ತಂದು ನಿಲ್ಲಿಸಿದಳು. ಆಮೇಲೆ ರೊಟ್ಟಿಯನ್ನು ಮೆಲ್ಲಗೆ ತಟ್ಟೆಗಿಟ್ಟು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆದೆಲ್ ಬಗ್ಗಿ ನೋಡಿ ಕಿಟಾರನೆ ಕಿರುಚಿದಳು.

"ಹುಳ! ಅಜ್ಜಿ, ಹುಳ! ಇನ್ನೊಂದು! ಇಲ್ಲಿ ಮೂರು ಇದೆ!"

ಬೆಂದ ಬಿಳಿ ಹುಳ. ಐನಾಶಳ ಮುಖ ಕಪ್ಪಿಟ್ಟಿತು. ತವರಿನ ಮಾನ ಅತ್ತೆಯ ತಟ್ಟೆಯಲ್ಲಿ ತೇಲುತ್ತಿತ್ತು.

"ಯಾರು ಆರಿಸಿದ್ದು ಇದನ್ನ?"

ಚಹಾದ ಕೆಟಲ್ ಹಿಡಿದು ನಿಂತಿದ್ದ ಬೆಗಾಯಿಮ್ ಅತ್ತೆಯ ಕಡೆ ತಿರುಗಿದಳು. ಅವಳ ಮುಖ ಅನೀಪಾಗೆ ಕಾಣಲಿಲ್ಲ, ತಿರುಗಿದ್ದು ಕಂಡಿತು. ಅನೀಪಾ ಕೈಯಲ್ಲಿದ್ದ ಬಟ್ಟಲು ಎತ್ತಿ ಚಹಾ ಕುಡಿದಳು. ಬಟ್ಟಲಲ್ಲಿ ಚಹಾ ಇರಲಿಲ್ಲ.

"ನನ್ನಿಂದ ತಪ್ಪಾಯ್ತು, ಎಜೆ," ಎಂದಳು ಬೆಗಾಯಿಮ್ ಗಂಡನ ಅಕ್ಕನಿಗೆ.

"ಆಗದೆ ಏನಾಗತ್ತೆ?" ಎಂದಳು ಐನಾಶ್. "ಕಣ್ಣು ಹಣ್ಣಿನ ಮೇಲಿದ್ರೆ ತಾನೆ! ಮನೆ ತುಂಬ ನೆಂಟರನ್ನ ಇಟ್ಕೊಂಡು ಲೈಬ್ರರಿಗೆ ಓಡ್ತಾಳೆ. ಅಲ್ಲಿ ಕೂತು ಕಥೆ, ಇಲ್ಲಿ ನಮಗೆ ಹುಳ! ಕುಬಾತ್, ನೀನು ಗಂಡಸೋ ಅಲ್ವೋ? ಹೇಳೋರು ಕೇಳೋರು ಇಲ್ವಾ ಈ ಮನೇಲಿ?"

ಕುಬಾತ್ ಸುತ್ತ ನೋಡಿದ. ಜಾರಿಕೊಳ್ಳಲು ದಾರಿಯಿರಲಿಲ್ಲ. "ಹಬ್ಬ ಮುಗಿಯೋವರೆಗೂ ಲೈಬ್ರರಿ ಬೇಡ ಬಿಡು," ಎಂದ ಹೆಂಡತಿಗೆ.

"ಸರಿ."

"ಕೊನೇ ಪಾಲು ನಿಂದೇ ಅಲ್ವೇನಮ್ಮ?" ಎಂದ ಜುಮಾಬೆಕ್. "ತಮಾರಾ ಹೇಳ್ತಿದ್ದಳು, ಎಲ್ಲರಿಗಿಂತ ಚೆನ್ನಾಗಿ ಹೇಳೋಳು ನೀನೇ ಅಂತ, ಕೊನೆ ನಿನಗೇ ಇಟ್ಟಿದೀವಿ ಅಂತ."

"ಬೇರೆಯವರು ಹೇಳ್ತಾರೆ, ಅತಾ."

ಜಾಮ್ ಕೋಳಿಗಳ ಪಾಲಾಯಿತು. ಒಂದು ಬೋಗುಣಿ ಜಾಮ್ ತಿಂದ ಕೋಳಿಗಳು ಎರಡು ದಿನ ಮೊಟ್ಟೆಯಿಡಲಿಲ್ಲ, ಅದಕ್ಕೂ ಬೆಗಾಯಿಮ್ ಬೈಸಿಕೊಂಡಳು.

ಎರಡು ಶುಕ್ರವಾರ ಕಳೆದವು. ಛಾವಣಿಯ ಮೇಲೆ ಹೋಳುಗಳು ಒಣಗಿದವು, ಕೆಳಗೆ ಹೊಸ ಹಣ್ಣು ಬಂತು. ಸಾಯಂಕಾಲ ಅದೇ ಬಟ್ಟೆ, ಅದೇ ಬುಟ್ಟಿ. ಬೆಗಾಯಿಮ್ ಈಗ ತಾನೂ ಕೂತು ಹಣ್ಣು ಸೀಳುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಕರೆದಲ್ಲಿಗೆ ಓಟ, ಮುಖ ಗಂಟಿಕ್ಕಿದ್ದಿಲ್ಲ. ಒಮ್ಮೆಯಾದರೂ ಎದುರು ಮಾತಾಡಿದ್ದರೆ ಅನೀಪಾಗೆ ಸಮಾಧಾನವಾಗುತ್ತಿತ್ತು. ಬೈಯಲು ಕಾರಣ ಹುಡುಕಿ ಹುಡುಕಿ ಸಾಕಾಯಿತು.

"ಆ ಗಿರಣಿಯವನು ಏನಾದ?" ಎಂದು ಜುಮಾಬೆಕ್ ಒಂದು ದಿನ ಕೇಳಿದ.

"ಗೊತ್ತಿಲ್ಲ, ಅತಾ."

"ನನ್ನ ಹೆಸರಿನವನನ್ನ ಹೀಗೆ ಬಾಗಿಲಲ್ಲೇ ನಿಲ್ಲಿಸಿಬಿಟ್ರಲ್ಲ."

ಅನೀಪಾ ಎದ್ದು ಒಳಗೆ ಹೋದಳು. ಆ ಮಾತು ಕೇಳುತ್ತ ಕೂರಲು ಅವಳಿಂದಾಗಲಿಲ್ಲ.

ಹಬ್ಬಕ್ಕೆ ನಾಲ್ಕು ದಿನವಿದ್ದಾಗ, ಜನರನ್ನು ಕರೆಯಲು ಹೋಗುತ್ತೇನೆಂದು ನೆಪ ಹೇಳಿ ಅವಳು ಲೈಬ್ರರಿಗೆ ಹೋದಳು. ತಮಾರಾ ಅವಳ ತರಗತಿಯವಳೇ. ಹತ್ತು ವರ್ಷ ಒಂದೇ ಬೆಂಚು.

"ಭಾನುವಾರ ಮೊಮ್ಮಗಳ ದಾರ ಕತ್ತರಿಸ್ತೀವಿ. ನಿನ್ನ ಓದೋ ಹೆಂಗಸರನ್ನೆಲ್ಲ ಕರ್ಕೊಂಡು ಬಾ," ಎಂದಳು ಅನೀಪಾ. ಆಮೇಲೆ ಹೊರಡದೆ ನಿಂತಳು. "ಕಥೆ ಎಲ್ಲಿಗೆ ಬಂತು?"

"ಯಾಕೆ, ನಿಂಗೇನಾಗಬೇಕು? ಸೊಸೆಯನ್ನ ಕಟ್ಟಿಹಾಕಿದೀಯಂತೆ."

"ನಾನಲ್ಲ ಕಟ್ಟಿಹಾಕಿದ್ದು."

"ಬಿಚ್ಚಿದವಳೂ ನೀನಲ್ಲ." ತಮಾರಾ ಪುಸ್ತಕ ತಂದು ಕೈಗಿಟ್ಟಳು. "ಕೊನೇ ಪಾಲು ಅವಳದು. ಅವಳು ಬರದೆ ನಾವು ಮುಗಿಸಲ್ಲ. ನಿಂಗೆ ಅಷ್ಟು ಕುತೂಹಲ ಇದ್ರೆ ನೀನೇ ಓದು. ಗುರುತು ಹಾಕಿದೀನಿ ನೋಡು. ಕ್ಲಾಸಲ್ಲಿ ಗಟ್ಟಿಯಾಗಿ ಓದೋಕೆ ನಿನ್ನನ್ನೇ ತಾನೆ ನಿಲ್ಲಿಸ್ತಿದ್ದಿದ್ದು."

ಅನೀಪಾ ಪುಟ ತೆರೆದಳು. ಬೂದಿ ಚೆಲ್ಲಿದ ಹಾಗಿತ್ತು. ಒಂದು ನಿಮಿಷ ಹಾಗೇ ಹಿಡಿದು ನಿಂತು, ಓದಿದವಳಂತೆ ತಲೆಯಾಡಿಸಿ ಮುಚ್ಚಿದಳು.

"ಅನೀಪಾ," ಎಂದಳು ತಮಾರಾ. ದನಿ ಬದಲಾಗಿತ್ತು. "ನಾನು ಗುರುತು ಹಾಕಿದ್ದು ಆ ಪುಟಕ್ಕಲ್ಲ."

"ಕನ್ನಡಕ ಮನೇಲಿದೆ."

"ನಿಂಗೆ ಕನ್ನಡಕವೇ ಇಲ್ವಲ್ಲೇ."

ಅನೀಪಾ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಂದಳು.

ಮನೆಯ ಮುಂದೆ ಮೂರು ಮೆಟ್ಟಿಲು. ಯೋಚನೆಯಲ್ಲಿ ಮುಳುಗಿದ್ದವಳ ಕಾಲು ತಾನಾಗಿ ಒಂದು, ಎರಡು, ಮೂರು ಎಂದು ಸರಿಯಾಗಿ ಏರಿತು. ಮೇಲೆ ಬಂದು ನಿಂತು, ಹಿಂತಿರುಗಿ ನೋಡಿದಳು. ಮಂಜಿನೊಳಗೆ ಮೂರು ಬಿಳಿ ಗೀಟು ನೆಟ್ಟಗೆ ಕಾಣುತ್ತಿದ್ದವು. ಮೆಟ್ಟಿಲು ಕಾಣುತ್ತಿರಲಿಲ್ಲ, ಗೀಟು ಕಾಣುತ್ತಿತ್ತು.

ಅವಳು ಅಲ್ಲೇ ಕೂತುಬಿಟ್ಟಳು. ಗೋಡೆಗೆ ಚುಚ್ಚಿದ ಸೂಜಿಯಲ್ಲಿ ವಸಂತದಿಂದ ಯಾವಾಗಲೂ ದಾರ ಪೋಣಿಸಿಯೇ ಇರುತ್ತಿತ್ತು. ಚಹಾದ ಬಟ್ಟಲನ್ನು ಬೆಗಾಯಿಮ್ ಎಲ್ಲರ ಮುಂದೆ ಹಾಸಿನ ಮೇಲಿಡುತ್ತಿದ್ದಳು, ಅತ್ತೆಗೆ ಮಾತ್ರ ಕೈಗೆ ಕೊಡುತ್ತಿದ್ದಳು. ಅದು ಮರ್ಯಾದೆಯೆಂದು ಅನೀಪಾ ತಿಳಿದಿದ್ದಳು. ಸಾಯಂಕಾಲ ಸೀಳಿದ ಹೋಳು ಬೆಳಗ್ಗೆ ಛಾವಣಿಗೆ ಹೋಗುವಾಗ ಒಂದು ಹಿಡಿ ಕಡಿಮೆಯಿರುತ್ತಿತ್ತು. ಹಕ್ಕಿ ತಿಂದಿರಬೇಕು ಅಂದುಕೊಂಡಿದ್ದಳು. ಹಕ್ಕಿಯಲ್ಲ. ಸೊಸೆ ದಿನವೂ ಹಿಂದಿನಿಂದ ಬಂದು ಹುಳದ ಹೋಳು ಆರಿಸಿ ಎಸೆಯುತ್ತಿದ್ದಳು. ಲೈಬ್ರರಿಗೆ ಹೋಗಿದ್ದ ಆ ಒಂದು ದಿನ ಬಿಟ್ಟು.

ಮೊದಲು ಸಿಟ್ಟು ಬಂತು. ನನ್ನನ್ನು ಕುರುಡಿ ಅಂದುಕೊಂಡಿದ್ದಾಳೆ, ಮನೆಯಲ್ಲೆಲ್ಲ ಗುರುತು ಹಾಕುತ್ತಾಳೆ ಎಂದು. ಸಿಟ್ಟು ಚಹಾ ಕುದಿಯುವಷ್ಟು ಹೊತ್ತೂ ನಿಲ್ಲಲಿಲ್ಲ. ಆಮೇಲೆ ಬಂದದ್ದು ನಾಚಿಕೆ. ಅದು ಹೋಗಲಿಲ್ಲ.

ಬೆಗಾಯಿಮ್ ಬಟ್ಟೆಯ ಬುಟ್ಟಿ ಹೊತ್ತು ಬಂದಳು. "ಯಾಕೆ ಅಪಾ, ಇಲ್ಲಿ ಕೂತಿದೀರಿ?"

ಅನೀಪಾ ಪುಸ್ತಕ ಚಾಚಿದಳು. "ತಮಾರಾ ಕೊಟ್ಟಳು. ಓದಿ ಮುಗಿಸು."

"ಬೇಡ ಅಂದಿದಾರಲ್ಲ."

"ಲೈಬ್ರರಿಗೆ ಹೋಗಬೇಡ ಅಂದಿದ್ದು. ಓದಬೇಡ ಅಂತ ಯಾರಂದ್ರು?" ಇನ್ನೂ ಒಂದು ಮಾತಿತ್ತು. ಅದರ ಬದಲು, "ಹಿಟ್ಟಿನ ಪೆಟ್ಟಿಗೇಲಿ ಇಡಬೇಡ. ಹಿಟ್ಟು ಕೆಡತ್ತೆ," ಎಂದಳು.

ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು, ಸರೋವರದ ಕಡೆಯಿಂದ ಗಾಳಿಯಿತ್ತು. ಎರಡು ಕುರಿ ಕಡಿದಿದ್ದರು. ಅಂಗಳದ ತುಂಬ ಹಾಸು, ನೂರು ಜನ. ಅನೀಪಾ ಕಪ್ಪು ಬಿಳಿ ಉಣ್ಣೆ ಸೇರಿಸಿ ಹೊಸೆದ ದಾರವನ್ನು ಸೆಜಿಮಳ ಎರಡು ಕಾಲಿಗೂ ಎಂಟಂಕಿಯಂತೆ ಸುತ್ತಿದರು. ಹೊಸೆಯಲು ಬೆರಳು ಸಾಕು, ಕಣ್ಣು ಬೇಡ. ಮಗುವನ್ನು ಕಂಬಳಿಯ ಮೇಲೆ ನಿಲ್ಲಿಸಿ ಕುಬಾತ್ ಹಿಡಿದುಕೊಂಡ. ಹೆಂಗಸರು ರಸ್ತೆಯ ತುದಿಯ ಪಾಪ್ಲರ್ ಮರದಿಂದ ಓಡಿಬರಬೇಕು.

ಆದೆಲ್ ಓಟದ ಬೂಟು ಕಟ್ಟಿಕೊಂಡಿದ್ದಳು. ಉಲ್ಕಾನ್ ಐವತ್ತು ದಾಟಿದವಳು, ಮೈ ಭಾರ. ರಬ್ಬರ್ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. "ಟಪಾಲು ಬಂತು ದಾರಿ ಬಿಡಿ!" ಎಂದು ಕೂಗುತ್ತ, ದಿನಾ ಹದಿನೈದು ಕಿಲೋಮೀಟರು ನಡೆದ ಕಾಲಿನಲ್ಲಿ ಅವಳು ಓಡಿಬಂದ ರೀತಿಗೆ ಜನ ಬಿದ್ದುಬಿದ್ದು ನಕ್ಕರು. ಎರಡು ಹೆಜ್ಜೆ ಮುಂದೆ ಗೆದ್ದಳು. ಏದುಸಿರು ಬಿಡುತ್ತ ಚಾಕು ತೆಗೆದುಕೊಂಡು ದಾರ ಕತ್ತರಿಸಿದಳು. ಸೆಜಿಮ್ ಮೂರು ಹೆಜ್ಜೆ ನಡೆದು, ಕೂತು, ಸುತ್ತ ಇದ್ದವರನ್ನೆಲ್ಲ ನೋಡಿ ಅತ್ತಳು.

ಊಟಕ್ಕೆ ಕೂತಾಗ ಐನಾಶಳಿಗೆ ತಡೆಯಲಾಗಲಿಲ್ಲ. ಓದುವ ಗುಂಪಿನ ಹೆಂಗಸರು, ಬೀಗಿತ್ತಿ, ಅಕ್ಕಪಕ್ಕದವರು, ಎಲ್ಲ ಅಲ್ಲೇ ಇದ್ದರು.

"ಆಯ್ತಲ್ಲ ಉಲ್ಕಾನ್ ಎಜೆ, ಓದೋರ ಕೈಯಿಂದಾನೇ ದಾರ ಕತ್ತರಿಸಿದ್ದಾಯ್ತು. ಹೆತ್ತವಳು ಒಬ್ಬಳು ಪುಸ್ತಕ ಓದ್ತಾ ಹಣ್ಣಿನ ಜೊತೆ ಹುಳ ಬೇಯಿಸ್ತಾಳೆ, ಇನ್ನು ಮಗಳು ಏನು ಬೇಯಿಸ್ತಾಳೋ! ಜಾಮ್ ನೋಡ್ಕೊಂಡು ತಿನ್ನಿ ಎಲ್ಲರೂ."

ಹೆಂಗಸರು ಮರ್ಯಾದೆಗೆ ನಕ್ಕರು. ಚಹಾ ಕಾಯಿಸುವ ಸಮೋವರ್ ಪಕ್ಕ ಬಟ್ಟಲು ತೊಳೆಯುತ್ತಿದ್ದ ಬೆಗಾಯಿಮ್ ತಲೆಯೆತ್ತಲಿಲ್ಲ.

"ಆ ಹಣ್ಣು ಆರಿಸಿದ್ದು ಅವಳಲ್ಲ," ಎಂದಳು ಅನೀಪಾ. "ನಾನು."

"ಅಪಾ, ಈಗ್ಯಾಕೆ ಅದೆಲ್ಲ..."

"ಶುರು ಮಾಡಿದೋಳು ನೀನು, ಕೇಳಿಸ್ಕೋ. ಎರಡು ಬಕೆಟ್, ಒಂದೊಂದು ಹಣ್ಣೂ ನಾನೇ ಸೀಳಿದ್ದು. ಅವಳು ನೋಡ್ತೀನಿ ಅಂದಳು, ನಾನು 'ನೀನೇನು ನೋಡ್ತೀಯಾ' ಅಂದೆ. ನಂಗೆ ಹುಳ ಕಾಣಿಸಲಿಲ್ಲ. ನಂಗೆ ಕಣ್ಣು ಕಾಣಲ್ಲ. ಈಗ ನೀನೂ ಕಾಣಿಸ್ತಿಲ್ಲ, ಬಾಯಿ ಉದ್ದ ಇರೋದ್ರಿಂದ ನನ್ನ ಮಗಳು ಅಂತ ಗೊತ್ತಾಗ್ತಿದೆ."

ಗಂಡಸರ ಸಾಲಿನಿಂದ ಜುಮಾಬೆಕ್ ಎದ್ದುಬಂದ.

"ಯಾವಾಗಿಂದ?"

"ಚಳಿಗಾಲದಿಂದ."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳೋದು ಕಷ್ಟ ಇತ್ತು," ಎಂದಳು ಅನೀಪಾ. ಆಮೇಲೆ ಎಲ್ಲರಿಗೂ ಕೇಳುವಂತೆ, "ಬೈಗುಳ ಎಲ್ಲ ನನ್ನ ಸೊಸೆ ತಿಂದಳು. ನಾನು ಎದುರಿಗೇ ಕೂತು ಚಹಾ ಕುಡಿದೆ," ಎಂದಳು.

ಐನಾಶ್ ತುಟಿ ಕಚ್ಚಿಕೊಂಡು ಎದ್ದು, ತಾಯಿಯ ಪಕ್ಕ ಬಂದು ಕೂತು, ಅವಳ ತಲೆವಸ್ತ್ರ ಸರಿಮಾಡಿದಳು. ಬೀಗಿತ್ತಿ ತನಗೆ ಕಣ್ಣಿನ ಪೊರೆ ತೆಗೆದ ಡಾಕ್ಟರ ಗುಣಗಾನ ಶುರುಮಾಡಿದಳು. "ಬುಧವಾರ ಕರಾಕೋಲ್‌ಗೆ ಹೋಗೋಣ, ಅಪಾ," ಎಂದ ಕುಬಾತ್. ತಮಾರಾ ಮಾತ್ರ ತನ್ನ ಕೆಲಸ ಮರೆಯಲಿಲ್ಲ. "ಶುಕ್ರವಾರ ಮೂರು ಗಂಟೆಗೆ, ಬೆಗಾಯಿಮ್. ನಿನ್ನ ಅತ್ತೆ ಬರಲಿ ಬಿಡಲಿ."

"ಅವಳು ಬರ್ತಾಳೆ," ಎಂದಳು ಅನೀಪಾ. "ಯಾರು ತಡೀತಾರೆ ನೋಡ್ತೀನಿ."

"ಏನು ಕಾಣತ್ತೆ ಅಂತ ನೋಡ್ತೀಯಾ?" ಎಂದ ಜುಮಾಬೆಕ್. ಆಗ ಜನ ನಿಜವಾಗಿ ನಕ್ಕರು, ಊಟ ಮುಂದುವರಿಯಿತು.

ಮಾಂಸ ಬಂತು. ಗಂಡಸರು ಆ ಕಡೆ ತುಂಡು ಹಂಚಿದರು. ಹೆಂಗಸರ ಸಾಲಿಗೆ ಬೆಗಾಯಿಮ್ ತಟ್ಟೆ ಹೊತ್ತು ತಂದಳು. ಅತ್ತೆಯ ಮುಂದೆ ಮಂಡಿಯೂರಿ, ತುಂಡನ್ನು ಹಾಸಿನ ಮೇಲಿಡದೆ ಕೈಗೇ ಕೊಟ್ಟಳು.

ಅನೀಪಾ ಬೆರಳಿನಿಂದ ತಡವಿದಳು. ಅಗಲ ಮೂಳೆ. ಸುತ್ತ ದಪ್ಪಕ್ಕೆ ಕೊಬ್ಬು, ಬಿಸಿಬಿಸಿ. ಸೊಂಟದ ತುಂಡು. ಇನ್ನೊಮ್ಮೆ ತಡವಿದಳು. ಒಲೆಯ ಮೂಲೆಯಲ್ಲಿ ಕೂತಿದ್ದ ಮುದುಕಿಯ ಬೆರಳುಗಳು ನೆನಪಾದವು. ಆ ಮುದುಕಿಗೂ ಗೊತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು.

ಚಾಕು ತೆಗೆದುಕೊಂಡು, ಕೊಬ್ಬು ಸೇರಿಸಿ ಒಂದು ಒಳ್ಳೆಯ ಚೂರು ಕೊಯ್ದು, ಎದುರಿಗಿದ್ದ ಆಕಾರದ ಕಡೆ ಚಾಚಿದಳು.

"ತಗೋ. ಬೆಳಗ್ಗಿಂದ ನೀನು ಏನೂ ತಿಂದಿಲ್ಲ."

ಬೆಗಾಯಿಮ್ ಬಗ್ಗಿ ಬಾಯಲ್ಲೇ ತೆಗೆದುಕೊಂಡಳು. ಅವಳ ಕೆನ್ನೆ ಒದ್ದೆಯಾಗಿದ್ದದ್ದು ಅನೀಪಾಳ ಬೆರಳಿಗೆ ತಗುಲಿತು. ಯಾರೂ ನೋಡದಂತೆ ತಲೆವಸ್ತ್ರದ ತುದಿಯಿಂದ ಒರೆಸಿದಳು.

"ಓದಿ ಮುಗಿಸಿದ್ಯಾ?" ಎಂದಳು ಮೆಲ್ಲಗೆ.

"ಹೂಂ, ಅಪಾ. ಮೊನ್ನೇನೆ."

"ಶುಕ್ರವಾರದವರೆಗೆ ನಂಗೆ ಕಾಯಕ್ಕಾಗಲ್ಲ. ಆ ಗಿರಣಿಯವನು ಕೊನೆಗೆ ಬಾಯಿ ಬಿಟ್ಟನಾ?"

ಬೆಗಾಯಿಮ್ ಮಾಂಸ ನುಂಗಿಕೊಂಡಳು.

"ಇಲ್ಲ ಅಪಾ. ಗಿರಣಿಯವರು ಕೊನೇವರೆಗೂ ಹೇಳಲೇ ಇಲ್ಲ."

ಅನೀಪಾ ಮತ್ತೆ ಚಾಕು ಎತ್ತಿಕೊಂಡಳು.

"ಅಯ್ಯೋ ಪಾಪ," ಎಂದು, ಮೂಳೆಯಿಂದ ಇನ್ನೊಂದು ಚೂರು ಕೊಯ್ಯತೊಡಗಿದಳು.